ಎಸ್ಪೆರಾಂಟೊ ಭಾಷಿಕರ ಪರ್ವದಿನಗಳು

ಪರ್ವದಿನಗಳು ಸಾಮಾನ್ಯವಾಗಿ ಮತವನ್ನೋ ರಾಜ್ಯವನ್ನೋ ಋತುಮಾನವನ್ನೋ ಆಶ್ರಯಿಸಿ ಹುಟ್ಟತಕ್ಕವು. ಎಸ್ಪೆರಾಂಟೊ ಎಂಬ ನಿರ್ಮಿತ ಭಾಷೆಗೆ ಈ ಮೂರರ ಆಶ್ರಯವೂ ಇಲ್ಲ. ಆದರೂ ಅನೇಕ ದೇಶಗಳಲ್ಲಿ ಚದುರಿರುವ ಅದರ ಭಾಷಿಕರು ವರ್ಷದ ಕೆಲವು ದಿನಗಳನ್ನು ನಿಷ್ಠೆಯಿಂದ ಆಚರಿಸುತ್ತ ಬಂದಿದ್ದಾರೆ. ಆ ದಿನಗಳಾವುವು, ಅವನ್ನೇ ಆರಿಸಿಕೊಂಡುದೇಕೆ ಎಂಬುದು ಭಾಷಾಭ್ಯಾಸಿಗಳಿಗೆ ವಿಚಾರಾರ್ಹವಾದ ವಿಷಯ.

ಈ ಭಾಷೆಯ ನಿರ್ಮಾತೃಗಳಾದ ಲುಡ್ವಿಕ್ ಜಾಮೆನ್‌ಹೋಫರು 1859ರ ಡಿಸೆಂಬರ್ 15ರಂದು ಬಿಯಾಲಿಸ್ಟಾಕ್ ಪಟ್ಟಣದ ಯೆಹೂದ್ಯ ಮನೆತನದಲ್ಲಿ ಜನಿಸಿದರು. ಇಂದು ಪೋಲೆಂಡಿಗೆ ಸೇರಿದ ಆ ಊರು ಅಂದು ರಷ್ಯಾ ಸಾಮ್ರಾಜ್ಯದಲ್ಲಿತ್ತು. ಯೆಹೂದ್ಯರು, ಪೋಲರು, ರಷ್ಯನ್ನರು, ಜರ್ಮನರು ಒಂದೇ ಬೀದಿಯಲ್ಲಿ ನಡೆದಾಡಿದರೂ ಒಬ್ಬರ ಮಾತು ಇನ್ನೊಬ್ಬರಿಗೆ ಒಗ್ಗದೆ ಹಗೆ ಬೆಳೆದಿತ್ತು. ಬಾಲಕನ ಮನಸ್ಸಿನಲ್ಲಿ ಸರ್ವಸಾಮಾನ್ಯ ಭಾಷೆಯ ಹಂಬಲ ಮೂಡಿದ್ದು ಇಲ್ಲಿಯೇ. (ಅಂದಿನ ರಷ್ಯಾದ ಪಂಚಾಂಗವು 12 ದಿನ ಹಿಂದಿದ್ದುದರಿಂದ, ಆ ಲೆಕ್ಕದಲ್ಲಿ ಜನ್ಮದಿನ ಡಿಸೆಂಬರ್ 3. ಹಳೆಯ ಬರಹಗಳಲ್ಲಿ ಎರಡು ತೇದಿಗಳನ್ನು ಕಂಡು ಗಲಿಬಿಲಿಗೊಳ್ಳಬೇಕಾಗಿಲ್ಲ.)

ಭಾಷೆಯ ಮೊತ್ತಮೊದಲ ಉತ್ಸವ ಅದು ಅಚ್ಚಿಗೆ ಬರುವ ಮುನ್ನವೇ ನಡೆಯಿತೆಂಬುದು ಸ್ವಾರಸ್ಯಕರ. 1878ರ ಡಿಸೆಂಬರಿನಲ್ಲಿ, ಶಾಲೆಯ ಕೊನೆಯ ತರಗತಿಯಲ್ಲಿದ್ದ ಜಾಮೆನ್‌ಹೋಫರು ವ್ಯಾಕರಣ ಹಾಗೂ ಪದಪಟ್ಟಿಯ ಹಸ್ತಪ್ರತಿಗಳನ್ನು ಮೇಜಿನ ಮೇಲಿರಿಸಿ, ಸಹಪಾಠಿಗಳೊಡನೆ ಸಿಹಿ ತಿಂದು, ಆ ನುಡಿಯಲ್ಲಿಯೇ ಹಾಡಿ ನಲಿದರು. ಹಿರಿಯರ ಪರಿಹಾಸಕ್ಕೆ ಅಂಜಿದ ಗೆಳೆಯರು ಬೇಗನೆ ಜಾರಿಕೊಂಡರು. ಮುಂದೆ ನೇತ್ರವೈದ್ಯರಾದ ಅವರು ಒಬ್ಬಂಟಿಯಾಗಿಯೇ ಭಾಷೆಯನ್ನು ತಿದ್ದಿ ಬೆಳೆಸಿದರು.

1887ರ ಜುಲೈ 26ರಂದು ವಾರ್ಸಾ ನಗರದಲ್ಲಿ ಅವರ ಮೊದಲ ಪುಸ್ತಕ ಪ್ರಕಟವಾಯಿತು. ಈ ದಿನವನ್ನು ಭಾಷೆಯ ಜನ್ಮದಿನವೆಂದು ಎಣಿಸುತ್ತಾರೆ. ರಷ್ಯನ್ ಭಾಷೆಯಲ್ಲಿದ್ದ ಸುಮಾರು 40 ಪುಟಗಳ ಆ ಕಿರುಹೊತ್ತಗೆಯಲ್ಲಿ 16 ನಿಯಮಗಳ ವ್ಯಾಕರಣವೂ 900ಕ್ಕೂ ಮಿಕ್ಕ ಮೂಲಪದಗಳೂ ಅಡಕವಾಗಿದ್ದವು. ಮುದ್ರಣದ ವೆಚ್ಚವನ್ನು ವಹಿಸಿದವರು ಮಾವನವರು. ಗ್ರಂಥಕರ್ತರು ಸ್ವನಾಮವನ್ನು ಮರೆಮಾಡಿ ‘ಡಾಕ್ಟರ್ ಎಸ್ಪೆರಾಂಟೊ’, ಅಂದರೆ ಆಶಾವಂತನಾದ ವೈದ್ಯ, ಎಂದು ಬರೆದುಕೊಂಡರು. ಆ ಅಂಕಿತವೇ ಭಾಷೆಯ ಹೆಸರಾಯಿತು. ಯಾವ ಭಾಷೆಯೂ ಸಮಾಜದ ಸೊತ್ತೆಂದು ತಮ್ಮ ಹಕ್ಕುಗಳನ್ನೆಲ್ಲ ಅಲ್ಲಿಯೇ ಬಿಟ್ಟುಕೊಟ್ಟರು. ಒಂದು ಕೋಟಿ ಜನ ಮಾತು ಕೊಟ್ಟರೆ ತಾನೂ ಕಲಿಯುವೆನೆಂದು ಓದುಗನು ಸಹಿ ಮಾಡಿ ಕಳುಹಿಸಬೇಕಾದ ಚೀಟಿಗಳೂ ಪುಸ್ತಕದಲ್ಲಿದ್ದವು. ಕೋಟಿಯ ಮಾತು ದೂರವೇ ಉಳಿಯಿತು. 1889ರಲ್ಲಿ ಹೊರಬಂದ ವಿಳಾಸಪಟ್ಟಿಯಲ್ಲಿದ್ದವು ಸಾವಿರ ಹೆಸರುಗಳು.

ವಾರ್ಷಿಕ ವಿಶ್ವಸಮ್ಮೇಳನವು ಇವರ ಜಾತ್ರೆಯೆನ್ನಬಹುದು. 1905ರ ಆಗಸ್ಟಿನಲ್ಲಿ ಫ್ರಾನ್ಸಿನ ಬುಲೋನ್ ಎಂಬ ಕಡಲತೀರದ ಊರಿನಲ್ಲಿ 688 ಮಂದಿ ಮೊದಲ ಬಾರಿಗೆ ಕಲೆತರು. ಅದುವರೆಗೆ ಹೆಚ್ಚಾಗಿ ಕಾಗದದ ಮೇಲಿದ್ದ ನುಡಿ ಅಲ್ಲಿ ಹಲವು ನಾಡಿನವರ ಬಾಯಿಗೆ ಬಂದಿತು. 2008ರಲ್ಲಿ ಏಷ್ಯಾದ ಎಸ್ಪೆರಾಂಟೊ ಸಮ್ಮೇಳನವು ನಮ್ಮ ಬೆಂಗಳೂರಿನಲ್ಲಿಯೇ ಜರುಗಿತು. ಯುನೆಸ್ಕೋ 1999ರಲ್ಲಿ ಘೋಷಿಸಿದ ಮಾತೃಭಾಷಾ ದಿನವನ್ನೂ, ಫೆಬ್ರವರಿ 21ರಂದು, ಇವರು ಆಚರಿಸುವುದುಂಟು. ವಿಶ್ವಭಾಷೆಯ ಉಪಾಸಕರಿಗೆ ತಾಯ್ನುಡಿಯ ಹಬ್ಬವೇಕೆಂದು ಆಕ್ಷೇಪಿಸುವುದು ಸಲ್ಲದು. ಎಸ್ಪೆರಾಂಟೊ ಎಲ್ಲರಿಗೂ ಎರಡನೆಯ ನುಡಿಯಾಗಲೆಂದು ಹುಟ್ಟಿತೇ ಹೊರತು, ಯಾರ ಮನೆಮಾತನ್ನೂ ಕಸಿಯಲೆಂದಲ್ಲ.

ಹೀಗಿರಲು ಜುಲೈ 26ಕ್ಕೆ ಅಗ್ರಸ್ಥಾನ ಸಲ್ಲಬೇಕೆಂಬುದು ನ್ಯಾಯ. ವಾಸ್ತವವಾಗಿ ಹೆಚ್ಚು ವ್ಯಾಪಕವಾದುದು ಡಿಸೆಂಬರ್ 15ರ ಜಾಮೆನ್‌ಹೋಫ್ ದಿನ. ‘ಗುರು’ವೆಂಬ ಸಂಬೋಧನೆಯನ್ನು ಒಲ್ಲದಿದ್ದ, 1912ರ ಕ್ರಾಕೊ ಸಮ್ಮೇಳನದಲ್ಲಿ ನಾಯಕತ್ವವನ್ನೇ ತೊರೆದ ವ್ಯಕ್ತಿಯ ಜಯಂತಿಯಿದು! ಆದರೆ ಭಾಷಿಕರು ಇದನ್ನು ಪುಸ್ತಕದ ದಿನವನ್ನಾಗಿಯೂ ಮಾಡಿಕೊಂಡು ವ್ಯಕ್ತಿಪೂಜೆಯ ದೋಷವನ್ನು ಬಹುಮಟ್ಟಿಗೆ ಕಳೆದಿದ್ದಾರೆ. ಅಂದು ಎಸ್ಪೆರಾಂಟೊ ಭಾಷೆಯ ಹೊಸ ಗ್ರಂಥವೊಂದನ್ನು ಕೊಳ್ಳುವುದು ರೂಢಿ. ಕೂಟಗಳಲ್ಲಿ ವಾಚನ, ಉಪನ್ಯಾಸ, ಸಹಭೋಜನಗಳು ನಡೆಯುತ್ತವೆ.

ಈ ಜಯಂತಿಗೆ ಶೋಕದ ನೆರಳೂ ಇದೆ. 1917ರ ಏಪ್ರಿಲ್ 14ರಂದು, ಮಹಾಯುದ್ಧದ ನಡುವೆ ಜಾಮೆನ್‌ಹೋಫರು ತೀರಿಕೊಂಡರು. ಜರ್ಮನಿಯ ನಾತ್ಸಿ ಸರಕಾರ 1936ರಲ್ಲಿ ಎಸ್ಪೆರಾಂಟೊ ಸಂಘಗಳನ್ನು ನಿಷೇಧಿಸಿತು. 1937-38ರಲ್ಲಿ ಸೋವಿಯತ್ ರಷ್ಯಾದಲ್ಲಿಯೂ ಅನೇಕ ಭಾಷಿಕರು ಸೆರೆಗೂ ಮರಣದಂಡನೆಗೂ ಗುರಿಯಾದರು. ಮಗ ಆದಾಮ್ 1940ರಲ್ಲಿ ನಾತ್ಸಿಗಳ ಗುಂಡಿಗೆ ಬಲಿಯಾದರು. ಹೆಣ್ಣುಮಕ್ಕಳಾದ ಸೋಫಿಯಾ, ಲಿಡಿಯಾ ಇಬ್ಬರನ್ನೂ 1942ರಲ್ಲಿ ಟ್ರೆಬ್ಲಿಂಕಾ ಶಿಬಿರದಲ್ಲಿ ಕೊಲ್ಲಲಾಯಿತು. ಯುದ್ಧದಿಂದಾಗಿ ನಿಂತುಹೋಗಿದ್ದ ವಿಶ್ವಸಮ್ಮೇಳನ 1947ರಲ್ಲಿ ಸ್ವಿಟ್ಜರ್ಲೆಂಡಿನ ಬರ್ನ್ ನಗರದಲ್ಲಿ ಮತ್ತೆ ಸೇರಿತು.