ತೇಜಸ್ವಿಯವರ ರಹಸ್ಯ ಕತೆಗಳ ಓದು: ಏಳು ಸೂತ್ರಗಳು

ಸಣ್ಣಕತೆ, ಕಾದಂಬರಿ, ವಿಜ್ಞಾನ, ಹಕ್ಕಿ, ಪ್ರವಾಸ, ಅನುವಾದ: ಪೂರ್ಣಚಂದ್ರ ತೇಜಸ್ವಿ (1938–2007) ಕೈಹಾಕದ ಪ್ರಕಾರ ಕಡಿಮೆ. ಮೂಡಿಗೆರೆಯ ಕಾಫಿ ತೋಟದಲ್ಲಿದ್ದುಕೊಂಡು ಅವರು ನಿಗೂಢ ಸಾವು, ಕಳ್ಳ ವ್ಯವಹಾರಗಳ ಕತೆಗಳನ್ನೂ ಬರೆದರು. ಇವನ್ನು ಬರೀ ಪತ್ತೇದಾರಿ ಎಂದು ಓದಿದವರಿಗೆ ಅರ್ಧ ಸಿಗುತ್ತದೆ, ಗಂಭೀರ ಸಾಹಿತ್ಯವೆಂದು ಮುಖ ಬಿಗಿದುಕೊಂಡು ಓದಿದವರಿಗೂ ಅರ್ಧವೇ. ಪೂರ್ತಿ ದಕ್ಕಬೇಕಿದ್ದರೆ ಹೀಗೆ ಮಾಡಿ.

1. ‘ಜುಗಾರಿ ಕ್ರಾಸ್’ನಿಂದ ಶುರುಮಾಡಿ. 1994ರಲ್ಲಿ ಬಂದ ಈ ಕಾದಂಬರಿಯಲ್ಲಿ ಸುರೇಶ, ಗೌರಿ ಎಂಬ ಕೃಷಿಕ ದಂಪತಿ ತಾವು ಬೆಳೆದ ಏಲಕ್ಕಿ ಮಾರಲು ಹೊರಡುತ್ತಾರೆ. ಮುಂದಿನ ಅನಾಹುತಗಳೆಲ್ಲ ಹೆಚ್ಚುಕಡಿಮೆ ಒಂದು ಹಗಲು, ಒಂದು ರಾತ್ರಿಯೊಳಗೆ ನಡೆದುಹೋಗುತ್ತವೆ. ದಿನಕ್ಕೆ ಹತ್ತು ಪುಟದ ಲೆಕ್ಕದಲ್ಲಿ ಓದಿದರೆ ಆ ಓಟವೇ ಕೈತಪ್ಪುತ್ತದೆ. ರಜೆಯ ದಿನ ನೋಡಿ ಕೂತು ಮುಗಿಸಿ.

2. ಏಲಕ್ಕಿಯ ಬೆನ್ನು ಬಿಡಬೇಡಿ. ಕೊಲೆಗಾರ ಯಾರೆಂದು ಊಹಿಸುವ ಆಟ ಆಮೇಲಿರಲಿ. ಏಲಕ್ಕಿ ಬಲು ಹಗುರ, ಬೆಲೆ ಮಾತ್ರ ಭಾರಿ. ಒಬ್ಬ ಮನುಷ್ಯ ಹೆಗಲಿಗೆ ಹಾಕಿಕೊಂಡು ಬಸ್ ಹತ್ತಬಹುದಾದ ಚೀಲದಲ್ಲಿ ಒಂದು ಸಂಸಾರದ ವರ್ಷದ ದುಡಿಮೆ ಇರುತ್ತದೆ. ಅಂಥ ಚೀಲ, ಅದನ್ನು ಮಾರಿ ಬಂದ ನಗದು, ಕತ್ತಲ ದಾರಿ ಇಷ್ಟು ಸೇರಿದರೆ ಅಪರಾಧಕ್ಕೆ ಬೇರೆ ಕಾರಣ ಹುಡುಕಬೇಕಾಗಿಲ್ಲ. ಈ ಬೆಳೆಗೆ ಮರಗಳ ನೆರಳು ಬೇಕು, ಕಾಡು ಕಡಿದಲ್ಲಿ ಅದು ಸೊರಗುತ್ತದೆ. ಕಟ್ಟೆ ರೋಗ ಬಂದ ಗಿಡ ಮತ್ತೆ ಚೇತರಿಸಿಕೊಳ್ಳುವುದಿಲ್ಲ. ಇಷ್ಟು ಮನಸ್ಸಿನಲ್ಲಿಟ್ಟುಕೊಂಡು 1985ರ ‘ಚಿದಂಬರ ರಹಸ್ಯ’ ತೆರೆಯಿರಿ. ಏಲಕ್ಕಿ ಇಳುವರಿ ಕುಸಿಯುತ್ತಿರುವ ಸೀಮೆಯಲ್ಲಿ ಜೋಗಿಹಾಳ ಎಂಬ ವಿಜ್ಞಾನಿಯ ಸಾವು ಯಾಕೆ ಅಷ್ಟು ಜನರ ನಿದ್ದೆ ಕೆಡಿಸುತ್ತದೆ ಎಂಬುದು ಆಗ ತಾನಾಗಿ ಅರ್ಥವಾಗುತ್ತದೆ. ನನ್ನ ಮಟ್ಟಿಗೆ, ಮಲೆನಾಡಿನ ಆರ್ಥಿಕತೆಯನ್ನು ಇಷ್ಟು ರೋಚಕವಾಗಿ ತಿಳಿಸಿದ ಪುಸ್ತಕ ಕನ್ನಡದಲ್ಲಿ ಇನ್ನೊಂದಿಲ್ಲ.

3. ಪತ್ತೇದಾರನ ಮೇಲೆ ಭಾರ ಹಾಕಬೇಡಿ. ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮನ ಜೊತೆ ಬೆಳೆದ ಓದುಗರಿಗೆ ಇದು ಕೊಂಚ ಕಷ್ಟವೇ. ‘ಚಿದಂಬರ ರಹಸ್ಯ’ದಲ್ಲೂ ಅಂಗಡಿ ಎಂಬ ಅಧಿಕಾರಿ ತನಿಖೆಗೆ ಬರುತ್ತಾನೆ, ನಿಜ. ಆದರೆ ಅವನು ಸಾವಿನ ಜಾಡು ಹಿಡಿಯುವ ಹೊತ್ತಿಗೆ ಕತೆ ನಡೆಯುವ ಕೆಸರೂರಿನಲ್ಲಿ ಜಾತಿ, ಧರ್ಮ, ಪುಢಾರಿಗಿರಿ, ಹುಡುಗರ ಕ್ರಾಂತಿಯ ಹುಮ್ಮಸ್ಸು ಎಲ್ಲವೂ ಒಳಗೊಳಗೇ ಕುದಿಯುತ್ತಿರುತ್ತವೆ. ಅವನಿಗೆ ಕಾಣದ್ದು ನಿಮಗೆ ಕಾಣಬೇಕು.

4. ಪಾತ್ರಗಳ ಹೆಸರನ್ನು ಕೊನೆಯ ಖಾಲಿ ಹಾಳೆಯಲ್ಲಿ ಪೆನ್ಸಿಲಿನಿಂದ ಗುರುತು ಹಾಕಿಕೊಳ್ಳಿ. ಜನ ಜಾಸ್ತಿ.

5. ನಗು ಬಂದ ಪುಟವನ್ನು ಎರಡನೇ ಸಲ ಓದಿ. ಹರಟೆ, ಜಗಳ, ಪೆದ್ದುತನ ಎಂದು ನಕ್ಕು ದಾಟಿದ ಜಾಗದಲ್ಲೇ ತೇಜಸ್ವಿ ಮುಂದಿನ ಸುಳಿವನ್ನು ಇಟ್ಟಿರುತ್ತಾರೆ. ‘ಜುಗಾರಿ ಕ್ರಾಸ್’ನಲ್ಲಿ ಹಳೆಯ ಕಾವ್ಯವೊಂದರೊಳಗಿನ ಗುಟ್ಟಿನ ಪ್ರಸಂಗ ಬರುತ್ತದೆ. ಅದನ್ನು ಪಾಂಡಿತ್ಯವೆಂದು ಹಾರಿಸಿ ಓದಿದರೆ ಕತೆಯ ಬುಡವೇ ತಪ್ಪಿತು.

6. ನಡುನಡುವೆ ಅವರ ಬೇರೆ ಪುಸ್ತಕಗಳಿಗೂ ಹೋಗಿಬನ್ನಿ. ಈ ಸೂತ್ರವನ್ನು ಒತ್ತಿ ಹೇಳುತ್ತೇನೆ. ಕೆನೆತ್ ಆಂಡರ್ಸನ್‌ನ ಶಿಕಾರಿ ಅನುಭವಗಳನ್ನು ಅವರು ‘ಕಾಡಿನ ಕತೆಗಳು’ ಮಾಲೆಯಲ್ಲಿ ಕನ್ನಡಕ್ಕೆ ತಂದರು. ಅಲ್ಲಿ ಹೆಜ್ಜೆಗುರುತು, ಮುರಿದ ಕಡ್ಡಿ, ಲಂಗೂರಿನ ಕೂಗು ಇವಿಷ್ಟರಿಂದಲೇ ನರಭಕ್ಷಕ ಎಲ್ಲಿದೆ ಎಂದು ಕಂಡುಹಿಡಿಯಬೇಕು. ಪತ್ತೇದಾರಿಕೆ ಎಂದರೆ ಅದೇ ತಾನೆ? 1980ರ ‘ಕರ್ವಾಲೊ’ದಲ್ಲಿ ಒಂದು ಹಾರುವ ಓತಿಯನ್ನು ಹುಡುಕಿಕೊಂಡು ಒಂದು ತಂಡವೇ ಕಾಡು ಹೊಗುತ್ತದೆ. ಕುತೂಹಲ ಮಾತ್ರ ಯಾವ ಥ್ರಿಲ್ಲರಿಗೂ ಕಡಿಮೆಯಿಲ್ಲ. ಓತಿಯನ್ನು ನೋಡಿದ ಕಣ್ಣಿನಿಂದಲೇ ತೇಜಸ್ವಿ ಕಳ್ಳನನ್ನೂ ನೋಡುತ್ತಾರೆ: ಅವನು ಎಲ್ಲಿ ವಾಸಿಸುತ್ತಾನೆ, ಏನು ತಿಂದು ಬದುಕುತ್ತಾನೆ, ಯಾರಿಗೆ ಹೆದರುತ್ತಾನೆ.

7. ಸಮಯವೇ ಇಲ್ಲವೆನ್ನುವವರು ‘ಕುಬಿ ಮತ್ತು ಇಯಾಲ’ ಒಂದನ್ನಾದರೂ ಓದಿ. ‘ಅಬಚೂರಿನ ಪೋಸ್ಟಾಫೀಸು’ ಸಂಕಲನದ ಸಣ್ಣಕತೆ ಅದು. ಹಳ್ಳಿಯ ವೈದ್ಯ ಕುಬಿ, ಇಯಾಲ ಎಂಬ ಹುಡುಗಿಯ ಸಾವಿನ ನಿಜ ತಿಳಿಯಲು ಹೊರಡುತ್ತಾನೆ. ಕೊನೆಯ ಪುಟವನ್ನು ಮೊದಲೇ ತಿರುವಿ ನೋಡಬೇಡಿ. ಓದಿದವರನ್ನು ಕೇಳಲೂ ಬೇಡಿ.