ಮುಚ್ಚಿದ ಪಾಕೀಟಿನ ಬೆಲೆ

“ಅವ್ವಾ, ಇದೊಂದೇ ಪಾಕೀಟ್ ಕೊಡ್ಸು. ಮತ್ತ ಕೇಳಲ್ಲ.”

ಬಸವಕಲ್ಯಾಣವಿರಲಿ, ಹುಮನಾಬಾದ್ ಇರಲಿ, ಶಾಲೆ ಬಿಡುವ ಹೊತ್ತಿಗೆ ಸ್ಟೇಷನರಿ ಅಂಗಡಿ ಮುಂದೆ ನಿಂತರೆ ಈ ಮಾತು ಕಿವಿಗೆ ಬೀಳುತ್ತದೆ. ಪೆನ್ನು, ಚಾಕಲೇಟ್ ಸರಗಳ ನಡುವೆ ಪೋಕೆಮಾನ್ ಕಾರ್ಡಿನ ಪಾಕೀಟು ಮಿರಮಿರ ಹೊಳೆಯುತ್ತಿರುತ್ತದೆ. ಅವ್ವ ಕೊಡಿಸುತ್ತಾಳೆ. ಮಗ ಅಂಗಡಿ ಕಟ್ಟೆ ಇಳಿಯುವುದರೊಳಗೆ ಹರಿದು ನೋಡುತ್ತಾನೆ. ಮುಖ ಸಪ್ಪಗಾಗುತ್ತದೆ. “ಇದು ಮೊದ್ಲೇ ಇತ್ತು” ಅನ್ನುತ್ತಾನೆ. ಮರುದಿನ ಅದೇ ಅಂಗಡಿ, ಅದೇ ಮಾತು.

ಮಕ್ಕಳ ಆಪ್ತಸಮಾಲೋಚನೆ ನನ್ನ ಕೆಲಸ. ಪೋಷಕರು ನನ್ನಲ್ಲಿ ಕೇಳುವುದು ಸಾಮಾನ್ಯವಾಗಿ ಒಂದೇ ಪ್ರಶ್ನೆ: “ಪೂರಾ ಬಂದ್ ಮಾಡಿಸಬೇಕೇನ್ರಿ?” ನನ್ನ ಉತ್ತರ: ಬಂದ್ ಮಾಡಿಸಬೇಕಾದದ್ದು ಆಟವನ್ನಲ್ಲ, ಮುಚ್ಚಿದ ಪಾಕೀಟನ್ನು. ಎರಡೂ ಬೇರೆ ಬೇರೆ ಎಂಬುದು ನಮಗೂ ಮಗುವಿಗೂ ತಿಳಿದರೆ ಜಗಳ ಅರ್ಧ ಮುಗಿದಂತೆ.

ಆಟ ಒಂದು, ವ್ಯಾಪಾರ ಇನ್ನೊಂದು

ಪೋಕೆಮಾನ್ ಕಾರ್ಡ್ ಆಟ ಜಪಾನಿನಲ್ಲಿ 1996ರಲ್ಲಿ ಶುರುವಾಯಿತು. ಅದಕ್ಕೂ ಮೂರು ವರ್ಷ ಮೊದಲು, 1993ರಲ್ಲಿ, ರಿಚರ್ಡ್ ಗಾರ್ಫೀಲ್ಡ್ ಎಂಬ ಅಮೆರಿಕದ ಗಣಿತಜ್ಞ ‘ಮ್ಯಾಜಿಕ್: ದಿ ಗ್ಯಾದರಿಂಗ್’ ಎಂಬ ಆಟ ಕಟ್ಟಿ ಈ ಬಗೆಯ ಆಟಗಳಿಗೆ ದಾರಿ ಹಾಕಿಕೊಟ್ಟಿದ್ದ. ಪೋಕೆಮಾನ್ ಆಟ ಸೊಗಸಾಗಿದೆ. ಇಬ್ಬರು ಎದುರುಬದುರು ಕೂರುತ್ತಾರೆ, ಒಬ್ಬೊಬ್ಬರ ಹತ್ತಿರ 60 ಕಾರ್ಡಿನ ಕಟ್ಟು. ಒಂದೇ ಹೆಸರಿನ ಕಾರ್ಡು ನಾಲ್ಕಕ್ಕಿಂತ ಹೆಚ್ಚು ಇರುವಂತಿಲ್ಲ, ಮೂಲ ಶಕ್ತಿಯ ಕಾರ್ಡಿಗೆ ಮಾತ್ರ ಆ ಮಿತಿಯಿಲ್ಲ. ಕೂಡಿಸು, ಕಳೆ, ನೆನಪಿಡು, ಎದುರಾಳಿಯ ಮನಸ್ಸು ಓದು: ಎಲ್ಲ ಕಸರತ್ತೂ ಅದರೊಳಗಿದೆ.

ಆದರೆ ಕಾರ್ಡು ಮಾರುವ ರೀತಿ ಬೇರೆ. ಒಳಗೇನಿದೆ ಎಂದು ತಿಳಿಯದ ಪಾಕೀಟು, ಅದರಲ್ಲಿ ಬಹಳಷ್ಟು ಸಾಧಾರಣ ಕಾರ್ಡು, ಎಲ್ಲೋ ಒಂದು ಅಪರೂಪದ್ದು. ನಮ್ಮ ಹಳೆಯ ಎಲೆಯಾಟ ಗಂಜೀಫಾ ಹೀಗಿರಲಿಲ್ಲ. ಮೊಗಲ್ ಗಂಜೀಫಾದಲ್ಲಿ 96 ಎಲೆ, ದಶಾವತಾರ ಗಂಜೀಫಾದಲ್ಲಿ 120. ಡಬ್ಬಿ ಕೊಂಡವನ ಕೈಗೆ ಪೂರಾ ಆಟ ಬರುತ್ತಿತ್ತು, ಆಮೇಲೆ ಗೆಲ್ಲುವುದು ಸೋಲುವುದು ಅವನವನ ಬುದ್ಧಿಗೆ ಬಿಟ್ಟದ್ದು. ಇಂದಿನ ಪಾಕೀಟು ಆಟವನ್ನು ಪೂರಾ ಕೊಡುವುದೇ ಇಲ್ಲ, ಆಸೆಯನ್ನು ತುಂಡು ತುಂಡಾಗಿ ಮಾರುತ್ತದೆ.

ನಮ್ಮ ತಲೆಮಾರಿಗೆ ಇದು ಹೊಸದೇನಲ್ಲ. ಬಸ್ ಸ್ಟ್ಯಾಂಡಿನ ಲಾಟರಿ ಟಿಕೆಟ್ ಮೇಜು ನೆನಪಿರುವವರು ನಮ್ಮಲ್ಲಿ ಬಹಳ ಜನ. ಕರ್ನಾಟಕ 2007ರಲ್ಲಿ ಲಾಟರಿ ನಿಲ್ಲಿಸಿತು, ಗಡಿ ದಾಟಿ ಉಮರ್ಗಾಕ್ಕೆ ಹೋದರೆ ಮಹಾರಾಷ್ಟ್ರದಲ್ಲಿ ಸರ್ಕಾರಿ ಲಾಟರಿ ಉಳಿದೇ ಇತ್ತು. ಅಂದು ಟಿಕೆಟ್ ಕೊಂಡ ದೊಡ್ಡವರ ಎದೆ ಹೇಗೆ ಡವಡವ ಎನ್ನುತ್ತಿತ್ತೋ, ಪಾಕೀಟು ಹರಿಯುವ ಮಗುವಿನ ಎದೆಯೂ ಹಾಗೇ. ಅದನ್ನು ಹಟ ಎಂದು ಬೈದರೆ ಪ್ರಯೋಜನವಿಲ್ಲ. ಬರುತ್ತದೋ ಇಲ್ಲವೋ ಎಂಬ ಅನಿಶ್ಚಿತತೆಗೆ ಮನಸ್ಸು ಸಿಕ್ಕಿಬೀಳುವುದು ಮನುಷ್ಯ ಸ್ವಭಾವ.

ಅಡುಗೆಮನೆಯ ಲೆಕ್ಕ

ಮಗುವಿಗೆ ಉಪದೇಶ ಬೇಡ, ಲೆಕ್ಕ ತೋರಿಸಿ. ಹತ್ತು ಚೀಟಿಗಳ ಮೇಲೆ ಒಂದರಿಂದ ಹತ್ತರವರೆಗೆ ಅಂಕಿ ಬರೆದು ಸ್ಟೀಲ್ ಡಬ್ಬಿಗೆ ಹಾಕಿ. ಕಣ್ಣು ಮುಚ್ಚಿ ಒಂದು ಎತ್ತಿಸಿ, ಬಂದ ಅಂಕಿ ಬರೆದುಕೊಂಡು ಚೀಟಿಯನ್ನು ವಾಪಸ್ ಹಾಕಿಸಿ. ಪ್ರತಿ ಸಲ ಎತ್ತಿದಾಗಲೂ 10 ರೂಪಾಯಿ ಖರ್ಚಾಯಿತು ಎಂದುಕೊಳ್ಳಿ. ಹತ್ತೂ ಅಂಕಿ ಬರಲು ಎಷ್ಟು ಸಲ ಎತ್ತಬೇಕು?

ಮಕ್ಕಳು ಹದಿನೈದು ಅನ್ನುತ್ತಾರೆ. ನಿಜವಾದ ಸರಾಸರಿ 29. ಮೊದಲ ಐದು ಅಂಕಿ ಆರೇಳು ಸಲದಲ್ಲೇ ಬಂದುಬಿಡುತ್ತವೆ, “ಎಷ್ಟ್ ಸಲೀಸು!” ಅನ್ನಿಸುತ್ತದೆ. ಉಳಿದ ಐದಕ್ಕೆ ಸುಮಾರು 23 ಸಲ ಬೇಕು. ಕೊನೆಯದೊಂದಕ್ಕೇ ಸರಾಸರಿ ಹತ್ತು ಸಲ, ಅಂದರೆ 100 ರೂಪಾಯಿ. ಇಲ್ಲಿ ಹತ್ತೂ ಚೀಟಿಗೆ ಸಮಾನ ಅವಕಾಶವಿದೆ. ಪಾಕೀಟಿನಲ್ಲಿ ಹಾಗಿಲ್ಲ. ನೂರರಲ್ಲಿ ಒಂದು ಪಾಕೀಟಿನಲ್ಲಿ ಮಾತ್ರ ಬರುವ ಕಾರ್ಡು ಎಂದಿಟ್ಟುಕೊಳ್ಳಿ: ನೂರು ಮಕ್ಕಳು ತಲಾ ನೂರು ಪಾಕೀಟು ಕೊಂಡರೂ ಅವರಲ್ಲಿ ಸುಮಾರು 37 ಮಕ್ಕಳಿಗೆ ಅದು ಸಿಕ್ಕಿರುವುದಿಲ್ಲ.

“ಇಷ್ಟು ತಗೊಂಡೀನಿ, ಇನ್ನೊಂದ್ರಾಗ ಬಂದೇ ಬರ್ತದ” ಎಂಬ ನಂಬಿಕೆ ಮುರಿಯಬೇಕಾದದ್ದು ಇಲ್ಲಿ. ಹಿಂದಿನ ಪಾಕೀಟಿನಲ್ಲಿ ಏನು ಬಂತು ಎಂಬುದು ಮುಂದಿನ ಪಾಕೀಟಿಗೆ ಗೊತ್ತಿರುವುದಿಲ್ಲ. ಅರ್ಧ ಗಂಟೆ ಚೀಟಿ ಎತ್ತಿದ ಮಗುವಿಗೆ ಇದನ್ನು ಬಾಯಿಬಿಟ್ಟು ಹೇಳಬೇಕಾಗಿಲ್ಲ, ಅದರ ಕೈಗೇ ತಿಳಿದಿರುತ್ತದೆ.

ಮಗುವಿಗೂ ದೂರುಗಳಿವೆ, ಕೇಳಿ

ನಮಗೆ ಕಾಣುವುದು ಖರ್ಚಾದ ರೊಕ್ಕ. ಮಗುವಿನ ಬೇಸರ ಬೇರೆ ಇರುತ್ತದೆ, ಮತ್ತು ಅದು ಬಹುಪಾಲು ನ್ಯಾಯವಾದದ್ದು.

ಮೊದಲನೆಯದು ಅಸಲಿ, ನಕಲಿಯ ಪ್ರಶ್ನೆ. ಸಣ್ಣ ಊರುಗಳ ಅಂಗಡಿಗಳಲ್ಲಿ ಸಿಗುವ ಕಾರ್ಡುಗಳಲ್ಲಿ ನಕಲಿಯೇ ಹೆಚ್ಚು. ಚಿನ್ನದ ಬಣ್ಣದ ಪ್ಲಾಸ್ಟಿಕ್ ಕಾರ್ಡುಗಳು ಒಂದು ಡಬ್ಬಿ ತುಂಬ ಅಗ್ಗಕ್ಕೆ ಬಂದರೆ ಅವು ಅಸಲಿಯಲ್ಲ ಎಂದೇ ತಿಳಿಯಿರಿ. ಅಸಲಿ ಪಾಕೀಟು ಬಲು ತುಟ್ಟಿ. ತರಗತಿಯಲ್ಲಿ ಒಬ್ಬ ಹುಡುಗ “ನಿಂದು ಡುಪ್ಲಿಕೇಟ್” ಎಂದುಬಿಟ್ಟರೆ ಮಗು ಮನೆಗೆ ಬಂದು ಮೂಲೆ ಹಿಡಿಯುತ್ತದೆ. ಆ ಹೊತ್ತಿನಲ್ಲಿ “ಕಾಗದದ ತುಂಡಿಗೆ ಅಳ್ತೀಯಾ?” ಎನ್ನಬೇಡಿ. ಅದು ಅಳುತ್ತಿರುವುದು ಕಾಗದಕ್ಕಲ್ಲ, ಗೆಳೆಯರ ನಡುವೆ ಮರ್ಯಾದೆ ಹೋಯಿತೆಂದು.

ಎರಡನೆಯದು ಅದಲು ಬದಲು. ಏಳನೆಯ ತರಗತಿಯವನು ಮೂರನೆಯ ತರಗತಿಯವನ ಒಳ್ಳೆಯ ಕಾರ್ಡು ಇಸಿದುಕೊಂಡು ಹೊಳೆಯುವ ಎರಡು ಸಾದಾ ಕಾರ್ಡು ಕೊಡುತ್ತಾನೆ. ಇದಕ್ಕೆ ಮನೆಯಲ್ಲೊಂದು ಕಟ್ಟುಪಾಡು ಸಾಕು: ಬದಲಿಸುವ ಮೊದಲು ಒಂದು ರಾತ್ರಿ ಕಾಯಬೇಕು, ಒಮ್ಮೆ ಬದಲಿಸಿದ್ದನ್ನು ವಾಪಸ್ ಕೇಳಬಾರದು, ಸಣ್ಣವರ ಹತ್ತಿರ ಬದಲಿಸುವುದಾದರೆ ಅವರ ಅಕ್ಕನೋ ಅಣ್ಣನೋ ಎದುರಿಗಿರಬೇಕು. ಕೊನೆಯದು ನಿಮ್ಮ ಮಗುವೇ ಮೋಸ ಮಾಡುವವನಾಗದಿರಲಿ ಎಂದು.

ಮೂರನೆಯದು ದುಡಿದು ಕೂಡಿಸಿದ್ದು ಹಳತಾಗುವುದು. ಹೊಸ ಸರಣಿ ಬರುತ್ತಲೇ ಇರುತ್ತದೆ, ಅಧಿಕೃತ ಪಂದ್ಯಗಳ ಮುಖ್ಯ ಮಾದರಿಯಲ್ಲಿ ಹಳೆಯ ಕಾರ್ಡುಗಳನ್ನು ಕಾಲಕಾಲಕ್ಕೆ ಕೈಬಿಡುತ್ತಾರೆ. ದೊಡ್ಡ ಊರಿನ ಆಟಗಾರರ ಗೊಣಗಾಟವೂ ಇದೇ. ನಮ್ಮ ಮಕ್ಕಳು ಅಂಥ ಪಂದ್ಯಕ್ಕೆ ಹೋಗುವವರಲ್ಲ, ಆದ್ದರಿಂದ ಮನೆಯಾಟಕ್ಕೆ ಹೊಸ ಸರಣಿಯ ಬೆನ್ನು ಹತ್ತುವ ಅಗತ್ಯವೇ ಇಲ್ಲ. ಇದನ್ನು ಮಗುವಿಗೆ ಧೈರ್ಯವಾಗಿ ಹೇಳಬಹುದು.

ಮುಗಿಯದ ಜಾತ್ರೆ

ಹುಮನಾಬಾದಿನ ವೀರಭದ್ರೇಶ್ವರ ಜಾತ್ರೆ ಜನವರಿಯಲ್ಲಿ ಬರುತ್ತದೆ. ಮಕ್ಕಳು ರಿಂಗ್ ಎಸೆಯುವ ಅಂಗಡಿ ಮುಂದೆ ನಿಂತು ಜಾತ್ರೆಗೆಂದು ಕೊಟ್ಟ ರೊಕ್ಕ ಕಳೆಯುತ್ತಾರೆ, ಸೋಪಿನ ಡಬ್ಬಿ ಗೆದ್ದು ಬರುತ್ತಾರೆ. ನಾವು ನಕ್ಕು ಸುಮ್ಮನಾಗುತ್ತೇವೆ, ಏಕೆಂದರೆ ಜಾತ್ರೆ ಮುಗಿಯುತ್ತದೆ, ತೇರು ನಿಲ್ಲುತ್ತದೆ, ಅಂಗಡಿ ಎತ್ತುತ್ತಾರೆ. ಫೋನಿನೊಳಗಿನ ಜಾತ್ರೆ ಮುಗಿಯುವುದಿಲ್ಲ.

ಪೋಕೆಮಾನ್ ಕಾರ್ಡಿನದೇ ಮೊಬೈಲ್ ಆಟವೊಂದು 2024ರ ಅಕ್ಟೋಬರ್ 30ರಂದು ಬಂತು. ಅದರ ಹೆಸರು ‘ಪೋಕೆಮಾನ್ ಟಿಸಿಜಿ ಪಾಕೆಟ್’. ದಿನಕ್ಕೆ ಎರಡು ಪಾಕೀಟು ಬಿಟ್ಟಿ, ಒಂದೊಂದರಲ್ಲಿ ಐದು ಕಾರ್ಡು. ಇನ್ನೂ ಬೇಕೆಂದರೆ ಕಾಯಬೇಕು, ಇಲ್ಲವೇ ರೊಕ್ಕ ಕೊಡಬೇಕು. 2025ರ ಜನವರಿ ಕೊನೆಗೆ ಅದರಲ್ಲಿ ಅದಲು ಬದಲು ಶುರುವಾಯಿತು. ಆದರೆ ಒಳ್ಳೆಯ ಕಾರ್ಡು ಬದಲಿಸಲು ಟೋಕನ್ ಬೇಕಿತ್ತು, ಟೋಕನ್ ಬೇಕೆಂದರೆ ತಮ್ಮದೇ ಬೇರೆ ಕಾರ್ಡುಗಳನ್ನು ಕಳೆದುಕೊಳ್ಳಬೇಕಿತ್ತು. ಜಗತ್ತಿನಾದ್ಯಂತ ಆಟಗಾರರು ಸಿಟ್ಟಾದರು, ತಯಾರಕರು ಕೆಲವೇ ದಿನಗಳಲ್ಲಿ ಸುಧಾರಿಸುವ ಮಾತು ಕೊಟ್ಟರು, ಅದೇ ವರ್ಷ ಆ ಟೋಕನ್ ಪದ್ಧತಿಯನ್ನೇ ಕೈಬಿಟ್ಟರು. ಈ ಕಥೆಯನ್ನು ಮಗುವಿಗೆ ಹೇಳಿ. ತನಗೆ ಅನ್ನಿಸಿದ ಅನ್ಯಾಯ ದೊಡ್ಡವರಿಗೂ ಅನ್ನಿಸಿತ್ತು, ಅವರು ಕೇಳಿದ್ದರಿಂದ ನಿಯಮ ಬದಲಾಯಿತು ಎಂದು ತಿಳಿದ ಮಗು ಆಟವನ್ನು ತಲೆ ಎತ್ತಿ ನೋಡಲು ಕಲಿಯುತ್ತದೆ.

ಫ್ರೀ ಫೈರ್‌ನ ಡೈಮಂಡ್, ಬಿಜಿಎಂಐನ ಯುಸಿ ಎಂಬ ಆಟದ ನಾಣ್ಯ ಸುರಿದು ತೆಗೆಯುವ ಡಬ್ಬಿಗಳೂ ಇದೇ ಜಾತಿಯವು. ಜಪಾನ್ 2012ರಲ್ಲೇ ಇವುಗಳಲ್ಲಿ ಒಂದು ಬಗೆಯನ್ನು ತಡೆಯಿತು, ಬೆಲ್ಜಿಯಂ 2018ರಲ್ಲಿ ರೊಕ್ಕ ಕೊಟ್ಟು ತೆಗೆಯುವ ಅದೃಷ್ಟದ ಡಬ್ಬಿಗಳನ್ನು ಜೂಜೆಂದು ಕರೆಯಿತು. ಭಾರತದಲ್ಲಿ 2025ರ ಆಗಸ್ಟ್‌ನಲ್ಲಿ ಸಂಸತ್ತು ಒಪ್ಪಿದ ಆನ್‌ಲೈನ್ ಗೇಮಿಂಗ್ ಕಾಯ್ದೆಯ ಕಣ್ಣು ಮುಖ್ಯವಾಗಿ ಹಣ ಕಟ್ಟಿ ಹಣ ಗೆಲ್ಲುವ ಆಟಗಳ ಮೇಲಿದೆ. ಪಾಕೀಟಿನ ಕಾವಲು ಮಾತ್ರ ಮನೆಯವರದೇ.

ಕಾವಲು ಎಂದರೆ ಫೋನ್ ಕಸಿದುಕೊಳ್ಳುವುದಲ್ಲ. ನಾಲ್ಕು ಕೆಲಸ ಮಾಡಿ. ಪ್ಲೇ ಸ್ಟೋರ್ ಸೆಟ್ಟಿಂಗಿನಲ್ಲಿ ಪ್ರತಿ ಖರೀದಿಗೂ ಪಾಸ್‌ವರ್ಡ್ ಕೇಳುವಂತೆ ಮಾಡಿ. ಯುಪಿಐ ಪಿನ್ ಮಗುವಿಗೆ ತಿಳಿದಿದ್ದರೆ ಇವತ್ತೇ ಬದಲಿಸಿ. ಮಗುವಿನ ಕೈಗೆ ಹೋಗುವ ಫೋನಿನಲ್ಲಿ ಪಿನ್ ಕೇಳದೆ ಹಣ ಕಳಿಸುವ ಯುಪಿಐ ಲೈಟ್ ಬೇಡ. ಆಟೊಪೇ ಪಟ್ಟಿಯನ್ನು ತಿಂಗಳಿಗೊಮ್ಮೆ ನೋಡಿ, ಗೊತ್ತಿಲ್ಲದ ಕಂತು ಕಂಡರೆ ರದ್ದು ಮಾಡಿ. ಅಕಸ್ಮಾತ್ ಹಣ ಹೋಗಿದ್ದರೆ 48 ಗಂಟೆಯೊಳಗೆ ಪ್ಲೇ ಸ್ಟೋರ್‌ನಲ್ಲೇ ಮರುಪಾವತಿ ಕೇಳಬಹುದು. ಅಪರಿಚಿತರು “ಡೈಮಂಡ್ ಕೊಡ್ತೀನಿ, ಒಟಿಪಿ ಹೇಳು” ಎಂದು ಮೋಸ ಮಾಡಿದ್ದರೆ ತಡಮಾಡದೆ ಸೈಬರ್ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಗೊತ್ತಿಲ್ಲದವರ ವಾಟ್ಸ್‌ಆ್ಯಪ್ ಗುಂಪು, ಆಟದ ಖಾತೆ ಮಾರಾಟ, ಇವೆರಡಕ್ಕೂ ಹೋಗಬಾರದು ಎಂದು ಮುಂಚೆಯೇ ಹೇಳಿಡಿ. ತಪ್ಪಾದರೆ ಬಂದು ಹೇಳಬಹುದು, ಹೊಡೆತ ಬೀಳುವುದಿಲ್ಲ ಎಂಬ ಭರವಸೆಯೂ ಜೊತೆಗಿರಲಿ. ಏಟಿಗೆ ಹೆದರಿ ಬಚ್ಚಿಟ್ಟ ಐನೂರು ರೂಪಾಯಿ ಐದು ಸಾವಿರವಾಗುವುದು ಹಾಗೆಯೇ.

ಎಷ್ಟಾದರೆ ಅತಿ?

ಕಾರ್ಡು ಕೂಡಿಸುವ ಹುಚ್ಚು ರೋಗವಲ್ಲ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಒಪ್ಪಿದ ರೋಗಗಳ ಪಟ್ಟಿಯಲ್ಲಿ ಗೇಮಿಂಗ್ ಸಮಸ್ಯೆ ಸೇರಿದೆ, ಆದರೆ ಅದರ ಲಕ್ಷಣಗಳು ಗಂಭೀರವಾದವು. ಆಟದ ಮೇಲೆ ಹಿಡಿತ ತಪ್ಪಿರಬೇಕು, ಊಟ, ನಿದ್ದೆ, ಓದಿಗಿಂತ ಆಟವೇ ಮುಂದಾಗಿರಬೇಕು, ಹಾನಿ ಕಂಡರೂ ನಿಲ್ಲಿಸಲಾಗದಿರಬೇಕು, ಇದೆಲ್ಲ ಸಾಮಾನ್ಯವಾಗಿ ವರ್ಷದವರೆಗೆ ಕಾಣಬೇಕು. ಮಗು ಮನೆಯಲ್ಲಿ ರೊಕ್ಕ ಕದಿಯತೊಡಗಿದರೆ, ರಾತ್ರಿ ನಿದ್ದೆಗೆಟ್ಟರೆ, ಶಾಲೆ ತಪ್ಪಿಸಿದರೆ ವರ್ಷ ಕಾಯಬೇಡಿ. ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಉಚಿತ, ಕನ್ನಡದಲ್ಲೇ ಮಾತಾಡಬಹುದು. ಬೀದರ್‌ನ ಬ್ರಿಮ್ಸ್ ಆಸ್ಪತ್ರೆಯಲ್ಲಿ ಮನೋವೈದ್ಯರನ್ನು ಕಾಣಬಹುದು. ಬೆಂಗಳೂರಿನ ನಿಮ್ಹಾನ್ಸ್ 2014ರಿಂದ ‘ಶಟ್’ ಎಂಬ ಕ್ಲಿನಿಕ್ಕನ್ನು ಮೊಬೈಲ್, ಗೇಮಿಂಗ್ ತೊಂದರೆಗೆಂದೇ ನಡೆಸುತ್ತಿದೆ.

ಉಳಿದ ಬಹುಪಾಲು ಮನೆಗಳಿಗೆ ವೈದ್ಯರು ಬೇಡ, ಒಂದು ಒಪ್ಪಂದ ಸಾಕು. ತಿಂಗಳ ಕೈಖರ್ಚು ಇಷ್ಟೆಂದು ಮೊದಲೇ ಹೇಳಿ, ಅದನ್ನು ಹೇಗೆ ಖರ್ಚು ಮಾಡಬೇಕೆಂಬುದನ್ನು ಮಗುವಿಗೇ ಬಿಡಿ. ಮುಗಿದ ಮೇಲೆ ಮುಂಗಡ ಕೊಡಬೇಡಿ, ಅಜ್ಜಿ ಸೆರಗಿನ ಗಂಟು ಬಿಚ್ಚದಂತೆ ಅವರಿಗೂ ಒಂದು ಮಾತು ಹೇಳಿ. ಹುಟ್ಟುಹಬ್ಬಕ್ಕೆ ಕಾರ್ಡೇ ಬೇಕೆಂದರೆ ಮುಚ್ಚಿದ ಪಾಕೀಟಿನ ಬದಲು ಒಳಗೇನಿದೆ ಎಂದು ಮೊದಲೇ ತಿಳಿದಿರುವ, ಆಡಲು ಸಿದ್ಧವಾದ 60 ಕಾರ್ಡಿನ ಕಟ್ಟು ಕೊಡಿಸಿ. ಎರಡು ಮನೆಯವರು ಸೇರಿ ಎರಡು ಕಟ್ಟು ಕೊಂಡರೆ ಒಂದು ಓಣಿಗೆ ವರ್ಷದ ಆಟ.

ನಾನು ಗಮನಿಸಿದ್ದು ಇನ್ನೊಂದಿದೆ. ನೂರಾರು ಕಾರ್ಡು ಕೂಡಿಸಿದ ಮಕ್ಕಳಲ್ಲಿ ಎಷ್ಟೋ ಜನಕ್ಕೆ ಆಟವೇ ಬರುವುದಿಲ್ಲ. ನೆಲಕ್ಕೆ ಬಡಿದು ಮಗುಚಿಸುತ್ತಾರೆ, ಎಣಿಸುತ್ತಾರೆ, ಮತ್ತೆ ಕಟ್ಟಿಡುತ್ತಾರೆ. ಆಡಲು ಬಂದರೆ ಹಳೆಯ ಸಾದಾ ಕಾರ್ಡಿಗೂ ಬೆಲೆ ಬರುತ್ತದೆ. ಆದ್ದರಿಂದ ಈ ಭಾನುವಾರ ಮಗುವಿನ ಮುಂದೆ ಚಕ್ಕಳಮಕ್ಕಳ ಹಾಕಿ ಕೂತು “ನನಗ ಆಡೋದು ಕಲಸು” ಎನ್ನಿ. ಅದಕ್ಕೂ ಬಾರದಿದ್ದರೆ ಇಬ್ಬರೂ ಸೇರಿ ನಿಯಮ ಓದಿ.

ಅದು ಬೇಸರವಾದರೆ ಹಳೆಯ ನೋಟ್‌ಬುಕ್ಕಿನ ರಟ್ಟು ಕತ್ತರಿಸಿ ನಿಮ್ಮದೇ ಇಪ್ಪತ್ತು ಎಲೆ ಮಾಡಿ. ಒಂದರ ಮೇಲೆ ಬಸವಕಲ್ಯಾಣದ ಕೋಟೆ, ಒಂದರ ಮೇಲೆ ನಾರಾಯಣಪುರದ ಗುಡಿ, ಇನ್ನೊಂದರ ಮೇಲೆ ಜಲಸಂಗವಿಯ ಗುಡಿಗೋಡೆಯಲ್ಲಿ ಶಾಸನ ಬರೆಯುತ್ತ ನಿಂತ ಶಿಲಾಬಾಲಿಕೆ. ಯಾರ ಬಲ ಎಷ್ಟು, ಯಾರು ಯಾರನ್ನು ಸೋಲಿಸಬೇಕು ಎಂಬುದನ್ನು ಮಗುವೇ ಬರೆಯಲಿ. ಕೋಟೆಗೆ ಎಷ್ಟು ಅಂಕ ಕೊಡಬೇಕು ಎಂದು ತಂದೆ ಮಗಳ ನಡುವೆ ಜಗಳ ಹತ್ತಿದರೆ ಹತ್ತಲಿ. ಆ ಕಟ್ಟಿನಲ್ಲಿ ಏನೇನಿದೆ ಎಂದು ಇಬ್ಬರಿಗೂ ಗೊತ್ತು, ಹರಿದು ನೋಡಬೇಕಾದ ಪಾಕೀಟು ಅದಕ್ಕಿಲ್ಲ.