ಮೂರು ಹುಲಿ, ಹದಿನೈದು ಕುರಿ: ಗೆಲ್ಲಲು ಹನ್ನೊಂದು ಸೂತ್ರ

ಒಂದು ಕಡೆ ಮೂರು ಹುಲಿ, ಇನ್ನೊಂದು ಕಡೆ ಹದಿನೈದು ಕುರಿ. ಹುಲಿಗೆ ಹಾರುವ ಬಲವಿದೆ, ತಿನ್ನುವ ಹಕ್ಕಿದೆ. ಕುರಿಗೆ ಒಗ್ಗಟ್ಟು ಬಿಟ್ಟರೆ ಬೇರೇನೂ ಇಲ್ಲ. ಆದರೂ ಆಟ ಬಲ್ಲವರ ಕೈಗೆ ಸಿಕ್ಕರೆ ಇದೇ ಕುರಿಗಳು ಮೂರು ಹುಲಿಗಳನ್ನೂ ಅಲ್ಲಾಡದಂತೆ ಕಟ್ಟಿಹಾಕುತ್ತವೆ.

ಮಾಯಾಲೋಕದ ಸೈನ್ಯ ಕಟ್ಟಿ, ಓಡುವ ಗಡಿಯಾರದ ಎದುರು ಯುದ್ಧ ನಡೆಸುವ ಗೇಮ್‌ಗಳಿಗೆ ಮಕ್ಕಳು ಮನಸೋಲುತ್ತಾರೆ. ನಿಂಟೆಂಡೊ ಡಿಎಸ್ ಎಂಬ ಅಂಗೈ ಯಂತ್ರಕ್ಕೆ 2007ರಲ್ಲಿ ಬಂದ ‘ಹೀರೋಸ್ ಆಫ್ ಮನಾ’ ಅಂಥದ್ದೊಂದು. ಜಾಗ ಹಿಡಿಯುವುದು, ದಳ ಒಡೆಯದಂತೆ ಮುನ್ನಡೆಯುವುದು, ಎಷ್ಟು ಕಳೆದುಕೊಂಡರೆ ಎಷ್ಟು ಲಾಭ ಎಂದು ಲೆಕ್ಕ ಹಾಕುವುದು ಅಲ್ಲಿ ಬೇಕಾದ ಬುದ್ಧಿ. ನಮ್ಮ ಹುಲಿ–ಕುರಿ ಆಟಕ್ಕೂ ಬೇಕಾದದ್ದು ಅದೇ. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಸೀಮೆಗಂತೂ ಇದು ಹೇಳಿ ಮಾಡಿಸಿದ ಆಟ. ಗೆರೆ ಎಳೆಯಲು ಹಾಸುಬಂಡೆಗಳಿವೆ, ಬೆಟ್ಟದಲ್ಲಿ ಚಿರತೆಗಳಿವೆ, ತಪ್ಪಲಲ್ಲಿ ಕುರಿ ಮೇಯಿಸುವವರಿದ್ದಾರೆ, ಕಾಯಿ ಕಡೆದುಕೊಡುವ ಕುಶಲಿಗರಿದ್ದಾರೆ.

ಮೊದಲು ಮನೆಗಳನ್ನು ಗುರುತಿಸಿಕೊಳ್ಳಿ. ಮೇಲೆ ಒಂದು ನೆತ್ತಿ, ಅದು 1. ನೆತ್ತಿಯಿಂದ ನಾಲ್ಕು ಓರೆಗೆರೆಗಳು ಇಳಿದು ಅಡಿಗೆರೆಗೆ ಸೇರುತ್ತವೆ. ನಡುವೆ ಮೂರು ಅಡ್ಡಸಾಲು, ಸಾಲಿಗೆ ಆರು ಮನೆ. ಎಡದಿಂದ ಬಲಕ್ಕೆ ಮೊದಲ ಸಾಲು 2ರಿಂದ 7, ಎರಡನೆಯದು 8ರಿಂದ 13, ಮೂರನೆಯದು 14ರಿಂದ 19. ಅಡಿಸಾಲಿನಲ್ಲಿ ನಾಲ್ಕು ಮನೆ, 20ರಿಂದ 23. ಓರೆಗೆರೆಗಳ ಹೊರಗೆ ಉಳಿಯುವ 2–8–14 ಎಡರೆಕ್ಕೆ, 7–13–19 ಬಲರೆಕ್ಕೆ. ಇವನ್ನು ಒಂದೊಂದು ನೇರಗೆರೆ ಕೂಡಿಸುತ್ತದೆ. ಓರೆಗೆರೆಗಳು ಹೀಗೆ ಸಾಗುತ್ತವೆ: 1–3–9–15–20, 1–4–10–16–21, 1–5–11–17–22, 1–6–12–18–23. ಒಟ್ಟು 23 ಮನೆ.

ಹುಲಿಗಳು ಮೊದಲೇ ಹಲಗೆಯ ಮೇಲಿರುತ್ತವೆ. 1, 4, 5ರಲ್ಲಿ ಇಟ್ಟು ಶುರುಮಾಡುವುದು ಒಂದು ಕ್ರಮ. ಕುರಿಯವರು ಸರದಿಗೊಂದರಂತೆ ಕುರಿ ಇಡುತ್ತಾರೆ. ಹದಿನೈದೂ ಇಟ್ಟಾಗುವ ತನಕ ಯಾವ ಕುರಿಯೂ ನಡೆಯುವಂತಿಲ್ಲ. ಹುಲಿ ಪಕ್ಕದ ಮನೆಗೆ ನಡೆಯಬಹುದು, ಇಲ್ಲವೇ ಪಕ್ಕದ ಕುರಿಯನ್ನು ಅದೇ ಗೆರೆಯಲ್ಲಿ ಹಾರಿ ಆಚೆಯ ಖಾಲಿ ಮನೆಗೆ ಇಳಿದು ಆ ಕುರಿಯನ್ನು ತಿನ್ನಬಹುದು. ಇಷ್ಟೇ ಆಟ. ಇನ್ನು ಸೂತ್ರಗಳು.

1. ಕೂರುವ ಮುನ್ನ ಕಟ್ಟಳೆ ಮಾತಾಡಿಕೊಳ್ಳಿ

ಊರೂರಿಗೆ ಈ ಆಟದ ಕಟ್ಟಳೆ ಬೇರೆ. ಹುಲಿ ಎಲ್ಲಿಂದ ಶುರು? ಒಂದೇ ಸರದಿಯಲ್ಲಿ ಎರಡು ಕುರಿ ಹಾರಬಹುದೇ? ಎಷ್ಟು ಕುರಿ ಹೋದರೆ ಹುಲಿಯ ಗೆಲುವು? ನನ್ನ ಸಲಹೆ: ಸರದಿಗೆ ಒಂದೇ ಹಾರು, ಐದು ಕುರಿ ಹೋದರೆ ಹುಲಿ ಗೆದ್ದಂತೆ, ಒಂದೇ ನಿಲುವು ಮೂರು ಸಲ ಬಂದರೆ ಸರಿಸಮ. ಆಟದ ನಡುವೆ ಕಟ್ಟಳೆ ಹುಡುಕಿದರೆ ಜಗಳ ಗೆಲ್ಲುತ್ತದೆ, ಆಟ ಸೋಲುತ್ತದೆ.

2. ಕುರಿಯನ್ನಲ್ಲ, ಕುರಿಯ ಬೆನ್ನ ಹಿಂದಿನ ಮನೆಯನ್ನು ನೋಡಿ

ಇಡೀ ಆಟದ ಗುಟ್ಟು ಇದೊಂದೇ. ಹುಲಿ ಪಕ್ಕಕ್ಕೆ ಬಂತೆಂದು ಕುರಿ ಸಾಯುವುದಿಲ್ಲ. ಬೆನ್ನ ಹಿಂದೆ ಖಾಲಿ ಮನೆ ಇದ್ದರೆ ಮಾತ್ರ ಸಾಯುತ್ತದೆ. ಒಳಗಿನ ಯಾವುದೇ ಮನೆಯ ಮೂಲಕ ಎರಡು ಗೆರೆ ಹಾಯುತ್ತವೆ, ಒಂದು ಅಡ್ಡ, ಒಂದು ಓರೆ. 10ರಲ್ಲಿರುವ ಕುರಿಯನ್ನು 9–11ರ ಗೆರೆಯಲ್ಲೋ 4–16ರ ಗೆರೆಯಲ್ಲೋ ಹಾರಬೇಕು. 9 ಅಥವಾ 11ರಲ್ಲಿ ಒಬ್ಬ ಜೊತೆಗಾರ, 4 ಅಥವಾ 16ರಲ್ಲಿ ಇನ್ನೊಬ್ಬ ಇದ್ದರೆ ಆ ಕುರಿಯನ್ನು ಯಾವ ಹುಲಿಯೂ ಮುಟ್ಟಲಾರದು. ಸುತ್ತ ನಾಲ್ಕು ಕಡೆ ಕಾವಲು ಬೇಕಿಲ್ಲ. ಗೆರೆಗೊಬ್ಬ ಜೊತೆಗಾರ ಸಾಕು.

3. ಏಳು ಅಭಯದ ಮನೆಗಳನ್ನು ಬಾಯಿಪಾಠ ಮಾಡಿ

1, 2, 7, 14, 19, 20, 23. ಈ ಮನೆಗಳಲ್ಲಿ ಗೆರೆಗಳು ಕೊನೆಗೊಳ್ಳುತ್ತವೆ. ದಾಟಿ ಆಚೆ ಹೋಗುವುದಿಲ್ಲ. ಆಚೆ ಮನೆಯೇ ಇಲ್ಲದ ಮೇಲೆ ಹುಲಿ ಹಾರುವುದೆಲ್ಲಿಗೆ? ಇಲ್ಲಿಟ್ಟ ಕುರಿ ಒಂಟಿಯಾಗಿದ್ದರೂ ಕ್ಷೇಮ. ಮೊದಲ ಕುರಿಯನ್ನು ನಟ್ಟನಡುವೆ ಇಡುವ ಉತ್ಸಾಹ ಹೊಸಬರಿಗೆ ಸಹಜ. ಅದನ್ನು ತಡೆದುಕೊಳ್ಳಿ. ಮೊದಲ ಆರು ಕುರಿ ಈ ಪಟ್ಟಿಯಲ್ಲೇ ಕೂರಲಿ. ಹುಲಿ ನೆತ್ತಿ ಬಿಟ್ಟು ಇಳಿದ ಕ್ಷಣವೇ 1ನ್ನು ಹಿಡಿಯಿರಿ. ಆಮೇಲೆ 3, 4, 5, 6ರಲ್ಲಿ ಇಡುವ ಕುರಿಗಳಿಗೆ ಓರೆಗೆರೆಯ ಭಯ ಇರುವುದಿಲ್ಲ.

4. ಅಂಚಿನಿಂದ ಒಳಕ್ಕೆ ಕಟ್ಟಿ

2 ಅಥವಾ 14 ತುಂಬಿದ ಮೇಲೆ 8 ಸುರಕ್ಷಿತ. 20 ತುಂಬಿದರೆ 21 ಸುರಕ್ಷಿತ, 23 ತುಂಬಿದರೆ 22. ಎರಡು ರೆಕ್ಕೆಗೆ ಆರು, ಅಡಿಸಾಲಿಗೆ ನಾಲ್ಕು, ಒಟ್ಟು ಹತ್ತು ಕುರಿಗಳ ಗೋಡೆ ಒಂದು ಜೀವವೂ ಹೋಗದೆ ಎದ್ದು ನಿಲ್ಲುತ್ತದೆ. ನಂತರ 15 ಮತ್ತು 18, ಆಮೇಲೆ 16 ಮತ್ತು 17. ಹದಿನೈದನೆಯದು 9ಕ್ಕೋ 12ಕ್ಕೋ. ಈಗ ಹುಲಿಗಳ ಪಾಲಿಗೆ ಉಳಿದದ್ದು ಎಂಟೇ ಮನೆ. ಎದುರಾಳಿ ಸುಮ್ಮನೆ ಕೂರುವುದಿಲ್ಲ ನಿಜ. ಹುಲಿಯನ್ನು ಅಂಚಿಗೆ ತಂದು ಅಡ್ಡ ನಿಲ್ಲಿಸುತ್ತಾರೆ. ಆಗ ಅಲ್ಲಿ ಗುದ್ದಾಡದೆ ಇನ್ನೊಂದು ಅಂಚಿಗೆ ಹೋಗಿ. ಅಂಚಿನಲ್ಲಿ ನಿಂತ ಹುಲಿಗೆ ಏಳನೆಯ ಸೂತ್ರ ಕಾದಿದೆ.

5. ಕೈಯಲ್ಲಿರುವ ಕುರಿಯೇ ದೊಡ್ಡ ಆಸ್ತಿ

ಇಟ್ಟ ಕುರಿ ಒಂದೊಂದೇ ಮನೆ ನಡೆಯಬೇಕು. ಕೈಯಲ್ಲಿರುವ ಕುರಿ ಹಲಗೆಯ ಯಾವ ಮೂಲೆಗಾದರೂ ಒಂದೇ ಸರದಿಯಲ್ಲಿ ಇಳಿಯಬಲ್ಲದು. ಆದ್ದರಿಂದ ಕೊನೆಯ ನಾಲ್ಕೈದು ಕುರಿಗಳು ತೂತು ಮುಚ್ಚಲೆಂದೇ ಮೀಸಲಾಗಿರಲಿ. ಸರದಿ ಬಿಡುವಂತಿಲ್ಲ, ಇಡಲೇಬೇಕು. ಅದಕ್ಕೇ ಮೊದಲ ಹತ್ತು ಎಲ್ಲಿಗೆಂದು ಮುಂಚೆಯೇ ನಿರ್ಧರಿಸಿಕೊಂಡಿರಬೇಕು. ಕೊನೆಯವು ಎಲ್ಲಿ ಬೇಕೆಂಬುದನ್ನು ಹುಲಿಯ ನಡೆಯೇ ತೋರಿಸಿಕೊಡುತ್ತದೆ.

6. ಹೆಜ್ಜೆ ಮುಂದಿಟ್ಟರೆ ಹಿಂದಿನ ಮನೆ ತುಂಬಿ

ಮಾಗಡಿಯ ಸಾವನದುರ್ಗವನ್ನು ನೋಡಿದವರಿಗೆ ಅದನ್ನು ಯಾರಾದರೂ ಗೆಲ್ಲಬಹುದೆಂದು ಅನಿಸುವುದಿಲ್ಲ. ಕರಿಗುಡ್ಡ, ಬಿಳಿಗುಡ್ಡ ಎಂಬ ಎರಡು ಶಿಖರಗಳ ಕಡಿದಾದ ಬಂಡೆಕೋಟೆ ಅದು. ಆದರೆ 1791ರ ಡಿಸೆಂಬರ್‌ನಲ್ಲಿ ಬ್ರಿಟಿಷರ ದಂಡನಾಯಕ ಕಾರ್ನ್‌ವಾಲಿಸನ ಸೇನೆ ಫಿರಂಗಿಯಿಂದ ಗೋಡೆಯ ಒಂದು ಕಡೆ ಒಡೆಯಿತು. 21ರಂದು ಆ ಬಿರುಕಿನಿಂದಲೇ ನುಗ್ಗಿ ಕೋಟೆ ಹಿಡಿಯಿತು. ಕುರಿಗಳ ಗೋಡೆಯೂ ಬೀಳುವುದು ಒಂದೇ ತೂತಿನಿಂದ. 16ರ ಕುರಿ 10ಕ್ಕೆ ನಡೆದರೆ 16 ಖಾಲಿ. 4ರಲ್ಲಿ ಹುಲಿ ಇದ್ದರೆ ಆ ಕುರಿ ಹೋಯಿತು. ಆ ಗೆರೆಯಲ್ಲಿ ಹುಲಿ ಇಲ್ಲದಾಗ ಮಾತ್ರ ನಡೆಯಿರಿ, ಮರುಸರದಿಯಲ್ಲೇ 21ರ ಕುರಿಯನ್ನು 16ಕ್ಕೆ ತನ್ನಿ. ಮುಂದಿನವನು ನಡೆದದ್ದು, ಹಿಂದಿನವನು ತುಂಬಿದ್ದು ಎರಡೂ ಸೇರಿಯೇ ಒಂದು ನಡೆ ಎಂದು ಎಣಿಸಿ.

7. ಹುಲಿಯನ್ನು ಮೂಲೆಯಲ್ಲಿ ಕಟ್ಟಿ, ನಡುವಿನಲ್ಲಲ್ಲ

2ರಲ್ಲಿ ನಿಂತ ಹುಲಿಯನ್ನು ಕಟ್ಟಲು 3, 4, 8, 14ರಲ್ಲಿ ನಾಲ್ಕು ಕುರಿ ಸಾಕು. 20ರಲ್ಲಿದ್ದರೆ 15, 9, 21, 22. ಅದೇ ಹುಲಿ 10ರಲ್ಲಿದ್ದರೆ ಎಂಟು ಕುರಿ ಬೇಕು, ನೆತ್ತಿಯಲ್ಲಿದ್ದರೂ ಎಂಟು. ಮೂರು ಹುಲಿ ಮೂರು ಮೂಲೆ ಸೇರಿದರೆ ಹನ್ನೆರಡೇ ಕುರಿಗಳಲ್ಲಿ ಆಟ ಮುಗಿಸಬಹುದು. ಹುಲಿ ಮೂಲೆಗೆ ಬಂದಾಗ ಓಡಿಸಬೇಡಿ. ಹೊರಬರುವ ದಾರಿಯ ಎರಡು ಮನೆಗಳನ್ನು ಸದ್ದಿಲ್ಲದೆ ತುಂಬಲು ತೊಡಗಿ.

8. ಬಲಿ ಕೊಡುವುದಾದರೆ ಮೂರರ ಒಳಗೆ

ಹದಿನೈದರಲ್ಲಿ ಹನ್ನೆರಡು ಕಳೆದರೆ ಮೂರು. ಅಷ್ಟೇ ನಿಮ್ಮ ಬಂಡವಾಳ. ಒಂದು ಕುರಿ ಕೊಟ್ಟರೆ ಹುಲಿ ಎಲ್ಲಿ ಇಳಿಯುತ್ತದೆ ಎಂಬುದನ್ನು ಮೊದಲು ನೋಡಿ. ಅಂಚಿಗೆ ಇಳಿದರೆ, ಅಥವಾ ನೆತ್ತಿ ತೆರವಾದರೆ ಕೊಟ್ಟದ್ದಕ್ಕೆ ಬೆಲೆ ಬಂತು. ನಡುವಿಗೆ ಇಳಿದರೆ ಕುರಿಯೂ ಹೋಯಿತು, ಜಾಗವೂ ಹೋಯಿತು. ಕೆಲವರು ಹೋದ ಕುರಿಗೆ ಸೇಡು ತೀರಿಸಲು ಇನ್ನೊಂದು ಕುರಿಯನ್ನು ಮುಂದೆ ದೂಡುತ್ತಾರೆ. ಆ ಸಿಟ್ಟೇ ಹುಲಿಯ ಊಟ.

9. ಹುಲಿಯ ಕಡೆ ಕೂತರೆ 1, 10, 11ನ್ನು ಕಾಯಿರಿ

ನಾಲ್ಕು ದಿಕ್ಕಿಗೂ ಹಾರುವ ಅವಕಾಶ ಇರುವುದು ಈ ಮೂರೇ ಮನೆಗಳಲ್ಲಿ. ಮೂಲೆಗಳಲ್ಲಿ ಎರಡೇ ದಿಕ್ಕು. ಕುರಿ ವಿರಳವಾಗಿರುವ ಆರಂಭದಲ್ಲಿ ಒಂದು ಹುಲಿ ಅಂಚಿಗೆ ಹೋಗಿ ಗೋಡೆ ಏಳದಂತೆ ಕಾಡಬಹುದು. ಎಂಟನೆಯ ಕುರಿ ಹಲಗೆಗೆ ಇಳಿಯುವಷ್ಟರಲ್ಲಿ ಅದು ನಡುವಿಗೆ ಮರಳಿರಲಿ. ನೆತ್ತಿಯನ್ನು ಸುಮ್ಮನೆ ಬಿಡಬೇಡಿ. ಅಲ್ಲಿ ಕುರಿ ಕೂತರೆ ಅದನ್ನು ಎಬ್ಬಿಸುವ ಉಪಾಯ ನಿಮ್ಮ ಬಳಿ ಇಲ್ಲ.

10. ಒಂದು ನಡೆ, ಎರಡು ಬೆದರಿಕೆ

ಒಂದು ಕುರಿಗೆ ಬೆದರಿಕೆ ಹಾಕಿದರೆ ಎದುರಾಳಿ ಹಿಂದಿನ ಮನೆ ತುಂಬಿ ಉಳಿಸಿಕೊಳ್ಳುತ್ತಾನೆ. ಎರಡಕ್ಕೆ ಒಟ್ಟಿಗೆ ಹಾಕಿದರೆ ಸಾಮಾನ್ಯವಾಗಿ ಒಂದನ್ನಷ್ಟೇ ಉಳಿಸಬಲ್ಲ. 10ಕ್ಕೆ ಬಂದ ಹುಲಿ 9ರ ಕುರಿಯನ್ನು 8ರ ಕಡೆಗೂ 16ರ ಕುರಿಯನ್ನು 21ರ ಕಡೆಗೂ ಹಾರುವಂತಿದ್ದರೆ ನಿಮಗೊಂದು ಕುರಿ ಖಾತ್ರಿ. ಮೂರು ಹುಲಿಗಳನ್ನು ಗುಂಪಾಗಿಸಬೇಡಿ. ಒಂದರ ದಾರಿಗೆ ಇನ್ನೊಂದು ಅಡ್ಡವಾದರೆ ಕುರಿಗಳ ಕೆಲಸವನ್ನು ಹುಲಿಗಳೇ ಮಾಡಿಕೊಟ್ಟಂತೆ.

11. ಕಡೆ ಬದಲಿಸಿ, ಬರೆದಿಡಿ, ವೇಗ ಹೆಚ್ಚಿಸಿ

ಒಂದೇ ಕಡೆ ಆಡುವವರು ಅರ್ಧ ಆಟವನ್ನಷ್ಟೇ ಕಲಿಯುತ್ತಾರೆ. ಎರಡು ಆಟ ಆಡಿ, ಕಡೆ ಬದಲಿಸಿ, ಹೋದ ಕುರಿಗಳ ಲೆಕ್ಕ ಹೋಲಿಸಿ. ಮನೆಗಳಿಗೆ ಸಂಖ್ಯೆ ಇರುವುದರಿಂದ ನಡೆಗಳನ್ನು ನೋಟ್‌ಬುಕ್ಕಿನಲ್ಲಿ ಬರೆದಿಡಬಹುದು. ಎಲ್ಲಿ ಕೈತಪ್ಪಿತೆಂದು ಸಂಜೆ ಕೂತು ನೋಡಬಹುದು. ನಮ್ಮ ಆಟದ ನೆಂಟನಾದ ನೇಪಾಳದ ಬಾಘ್ ಚಾಲ್‌ನಲ್ಲಿ ನಾಲ್ಕು ಹುಲಿ, ಇಪ್ಪತ್ತು ಆಡು, 25 ಮನೆ. ಇಬ್ಬರೂ ತಪ್ಪಿಲ್ಲದೆ ಆಡಿದರೆ ಅದು ಸರಿಸಮವಾಗುತ್ತದೆ ಎಂದು ಸಂಶೋಧಕರು ಕಂಪ್ಯೂಟರ್ ಲೆಕ್ಕದಿಂದ ತೋರಿಸಿದ್ದಾರೆ. ಅಲ್ಲಿ ಗೆಲುವು ಹುಟ್ಟುವುದು ಎದುರಾಳಿಯ ತಪ್ಪಿನಿಂದ. ಕೈ ಕುದುರಿದ ಮೇಲೆ ಹತ್ತು ಎಣಿಸುವಷ್ಟರಲ್ಲಿ ನಡೆಯಬೇಕೆಂಬ ಷರತ್ತು ಹಾಕಿ. ಗಡಿಯಾರದ ಎದುರಿನ ಯುದ್ಧದ ಬಿಸಿ ಇಲ್ಲೇ ಸಿಗುತ್ತದೆ.

ಇನ್ನು ಸಲಕರಣೆಯ ಮಾತು. ಚನ್ನಪಟ್ಟಣದ ಬಣ್ಣದ ಗೊಂಬೆಗಳಿಗೆ ಭೌಗೋಳಿಕ ಸೂಚಕದ ಮಾನ್ಯತೆ ಇದೆ. ಅಲ್ಲಿ ಆಲೆ ಮರವನ್ನು ಕಡೆಯುತ್ತಾರೆ. ತಿರುಗುವ ಮರಕ್ಕೆ ಅರಗಿನ ಬಣ್ಣದ ಕಡ್ಡಿ ಒತ್ತಿದಾಗ ಹುಟ್ಟುವ ಬಿಸಿಗೆ ಅರಗು ಕರಗಿ ಮರಕ್ಕೆ ಹತ್ತಿಕೊಳ್ಳುತ್ತದೆ. ಆಮೇಲೆ ಗರಿ ಒತ್ತಿ ಹೊಳಪು ತರುತ್ತಾರೆ. ಮೂರು ಎತ್ತರದ ಹಳದಿ ಕಾಯಿ, ಹದಿನೈದು ಗಿಡ್ಡನೆಯ ಕಾಯಿ ಮಾಡಿಕೊಡಿ ಎಂದು ಕೇಳಿ. ಹುಲಿ ಎತ್ತರವಾಗಿದ್ದರೆ ಒಂದೇ ನೋಟಕ್ಕೆ ಹಲಗೆಯ ಸ್ಥಿತಿ ತಿಳಿಯುತ್ತದೆ. ಗೆರೆ ಹಾಕಿದ ಬಟ್ಟೆಯಲ್ಲಿ ಸುತ್ತಿದರೆ ಕೈಚೀಲದ ಮೂಲೆಯಲ್ಲಿ ಕೂರುತ್ತದೆ, ಮೈಸೂರು ರೈಲಿನಲ್ಲೂ ಬಿಚ್ಚಬಹುದು. ಬಿಸಿಲಲ್ಲಿ ನಿಂತ ಕಾರಿನೊಳಗೆ ಮಾತ್ರ ಬಿಡಬೇಡಿ, ಅರಗು ಮೆತ್ತಗಾಗುತ್ತದೆ. ನೀವು ಕೊಡುವ ಕಾಸು ನೇರವಾಗಿ ಒಬ್ಬ ಕುಶಲಿಗನ ಮನೆಗೆ ಹೋಗಲಿ. ನಮ್ಮ ಆಟವೂ ಉಳಿಯಬೇಕು, ಅದರ ಕಾಯಿ ಕಡೆಯುವ ಕೈಯೂ ಉಳಿಯಬೇಕು.

ಕಾಯಿ ಬರುವ ತನಕ ಕಾಯಬೇಡಿ. ಒಂದು ಚೂರು ಸೀಮೆಸುಣ್ಣ, ಮೂರು ಬೆಣಚುಕಲ್ಲು, ಹದಿನೈದು ಹುಣಸೆಬೀಜ ಸಾಕು. ಮನೆಯ ಮಕ್ಕಳನ್ನು ಕರೆದು ಕೂರಿಸಿ, ಮೊದಲ ಆಟಕ್ಕೆ ಕುರಿಯ ಕಡೆಯನ್ನು ಅವರಿಗೇ ಕೊಡಿ. ಒಂಟಿಯಾಗಿ ದುರ್ಬಲವಾದದ್ದು ಜೊತೆ ನಿಂತಾಗ ಹೇಗೆ ಗೆಲ್ಲುತ್ತದೆ ಎಂಬುದನ್ನು ಅವರು ತಮ್ಮ ಕೈಯಾರೆ ಕಲಿಯಲಿ.